ಪದ್ಮಪಾದನ ಪ್ರಶ್ನೆ

ಶಂಕರಾಚಾರ್ಯರ ಶಿಷ್ಯರಲ್ಲಿ ಗಿರಿ ಎಂಬವನೊಬ್ಬನಿದ್ದ. ಗುರುಗಳ ಬಟ್ಟೆ ಒಗೆಯುವುದು, ಹಾಸಿಗೆ ಹಾಸುವುದು, ಕಾಲೊತ್ತುವುದು ಅವನ ಕೆಲಸ. ಪಾಠದಲ್ಲಿ ತುಟಿ ಬಿಚ್ಚಿದವನಲ್ಲ. ಶೃಂಗೇರಿಯಲ್ಲಿ ಒಂದು ದಿನ ಶಿಷ್ಯರೆಲ್ಲ ಬಂದು ಕೂತರೂ ಗುರುಗಳು ಪಾಠ ಶುರು ಮಾಡಲಿಲ್ಲ. ಗಿರಿ ಬಟ್ಟೆ ಒಗೆಯಲು ತುಂಗೆಗೆ ಹೋಗಿದ್ದಾನೆ, ಬರಲಿ ಅಂದರು. ಶಿಷ್ಯರಲ್ಲೊಬ್ಬನಾದ ಪದ್ಮಪಾದನಿಗೆ ತಡೆಯಲಾಗಲಿಲ್ಲ. ಗೋಡೆಯತ್ತ ಕೈ ತೋರಿಸಿದ. ಅವನಿಗೆ ಹೇಳುವುದೂ ಇದಕ್ಕೆ ಹೇಳುವುದೂ ಒಂದೇ ಅಲ್ಲವೇ ಎಂಬುದು ಅವನ ಭಾವ. ಮುಂದಿನದು ಎಲ್ಲರಿಗೂ ಗೊತ್ತು. ಗುರುಗಳು ಕೂತಲ್ಲಿಂದಲೇ ಗಿರಿಗೆ ಹದಿನಾಲ್ಕು ವಿದ್ಯೆಗಳನ್ನೂ ಅನುಗ್ರಹಿಸಿದರು. ಅವನು ತೋಟಕ ವೃತ್ತದಲ್ಲಿ ಗುರುಸ್ತುತಿ ಹಾಡುತ್ತ ಬಂದ, ತೋಟಕಾಚಾರ್ಯನಾದ, ಮುಂದೆ ಬದರಿಯ ಕಡೆಯ ಜ್ಯೋತಿರ್ಮಠಕ್ಕೆ ಅಧಿಪತಿಯಾದ ಎನ್ನುತ್ತದೆ ಸಂಪ್ರದಾಯ.

ಹರಿಕಥೆಯವರು ಅನುಗ್ರಹದ ಜಾಗ ಬಂದಾಗ ದನಿ ಏರಿಸುತ್ತಾರೆ, ಹಾರ್ಮೋನಿಯಂ ಜೊತೆಗೂಡುತ್ತದೆ. ಒಂದನೇ ಎರಡನೇ ತರಗತಿಗಳಲ್ಲೇ ನೌಕರಿ ಮುಗಿಸಿದ ನನಗೆ ಅದಕ್ಕಿಂತ ಹಿಂದಿನ ಗಳಿಗೆಯೇ ದೊಡ್ಡದು. ಪಾಠ ನಿಂತಿದೆ, ಬುದ್ಧಿವಂತರು ಕೂತಿದ್ದಾರೆ, ಒಬ್ಬ ಬರಬೇಕು. ಅನುಗ್ರಹ ಮಾಡುವುದು ಮೇಷ್ಟ್ರುಗಳ ಕೈಲಿಲ್ಲ, ಕಾಯುವುದು ಇದೆ. ಹಾಗೆಯೇ ಪದ್ಮಪಾದನ ಪ್ರಶ್ನೆಯೂ ಇದೆ. ಅದನ್ನು ಬರೀ ಅಹಂಕಾರ ಎಂದು ತಳ್ಳಿಹಾಕುವವರು ಮೂವತ್ತು ನಲವತ್ತು ಮಕ್ಕಳ ಕೋಣೆಯಲ್ಲಿ ನಿಂತು ನೋಡಿದವರಲ್ಲ.

ನಮ್ಮ ದಡ್ಡರ ಕಥೆಗಳೆಲ್ಲ ಹೆಚ್ಚುಕಡಿಮೆ ಹೀಗೇ ಅನುಗ್ರಹದಲ್ಲಿ ಮುಗಿಯುತ್ತವೆ. 1983ರ ‘ಕವಿರತ್ನ ಕಾಳಿದಾಸ’ದಲ್ಲಿ ಕಾಳಿ ರಾಜ್‌ಕುಮಾರ್ ನಾಲಿಗೆಯ ಮೇಲೆ ಅಕ್ಷರ ಬರೆದ ಕೂಡಲೇ ಕುರಿ ಕಾಯುವವನು ಕವಿಯಾಗುತ್ತಾನೆ. ಆ ದೃಶ್ಯಕ್ಕೆ ನಾನೂ ಕಣ್ಣೀರು ಹಾಕಿದವಳೇ. ಆದರೆ ಅದನ್ನು ನೋಡಿ ಬೆಳೆದ ತಾಯಂದಿರು ಆಮೇಲೆ ನನ್ನೆದುರು ನಿಂತು, “ಶೃಂಗೇರೀಲಿ ಅಕ್ಷರಾಭ್ಯಾಸ ಮಾಡ್ಸಿದ್ವಲ್ಲ ಮೇಡಂ, ಆದ್ರೂ ಯಾಕೆ ಹಿಂಗೆ?” ಅಂದಾಗ ಏನು ಹೇಳುವುದು? ನನ್ನ ಮಗಳ ಬೆರಳು ಹಿಡಿದು ಅಕ್ಕಿಯ ತಟ್ಟೆಯಲ್ಲಿ ಶ್ರೀಕಾರ ಬರೆಸಿದವಳು ನಾನು. ಆ ಶಾಸ್ತ್ರದ ಬಗ್ಗೆ ನನಗೆ ಹಗುರ ಭಾವನೆ ಇಲ್ಲ. ಅದು ಒಂದು ಬೆಳಗಿನ ಮಾತು, ಅಷ್ಟೆ. ಉಳಿದ ಬೆಳಗುಗಳನ್ನು ಶಾರದೆ ನಮಗೆ ಬಿಟ್ಟಿದ್ದಾಳೆ.

ನಾನು ಕೆಲಸ ಮಾಡಿದ ಹೆಗ್ಗಡದೇವನಕೋಟೆ ಕಡೆ ಪದೇ ಪದೇ ಕೇಳಿದ ಮಾತು, “ಏನ್ ಮಾಡದು ಮೇಡಂ, ಅವನ್ ಅಣೇಲಿ ಬರ್ದಿಲ್ಲ” ಎಂಬುದು. ಸ್ಟಾಫ್ ರೂಮಿನಲ್ಲಿ ಇದನ್ನೇ ಸ್ವಲ್ಪ ಮಡಿಯಾಗಿ ‘ಸರಸ್ವತಿ ಒಲಿದಿಲ್ಲ’ ಅನ್ನುತ್ತಿದ್ದರು. ಕೂಲಿ ಮುಗಿಸಿ ಬಂದ ಅಪ್ಪ ಹಾಗೆಂದಾಗ ಅದರಲ್ಲಿ ದುಃಖವಿತ್ತು, ಮಗನ ಬೆನ್ನಿಗೆ ಬಾರಿಸದೆ ಬಿಡಲು ಒಂದು ನೆಪವೂ ಇತ್ತು. ಸಂಬಳ ಎಣಿಸುವವರು ಹಾಗೆಂದಾಗ ಅದು ದೇವರ ಹೆಸರಿನಲ್ಲಿ ಕೆಲಸ ತಪ್ಪಿಸಿಕೊಂಡದ್ದು. ಮಾತು ಒಂದೇ ಆದರೂ ಎರಡನ್ನೂ ನಾನು ಒಂದೇ ತಕ್ಕಡಿಯಲ್ಲಿ ತೂಗಲಾರೆ.

ಹಣೆಯ ಮೇಲೇನಿದೆಯೋ, ಪುಸ್ತಕದಲ್ಲಿರುವುದೇನು ಸುಲಭವೇ? ವರ್ಣಮಾಲೆಯಲ್ಲಿ 49 ಅಕ್ಷರ ಅನ್ನುತ್ತೇವೆ. 34 ವ್ಯಂಜನಕ್ಕೆ ಹದಿನೈದರಂತೆ ಕಾಗುಣಿತ ಹಾಕಿದರೆ 510 ಆಕಾರಗಳು. ಅವುಗಳ ಕೆಳಗೆ ಒತ್ತಕ್ಷರ. ತ, ನ, ಮ, ಯ, ರ, ಲ ಒತ್ತಾಗಿ ಇಳಿದಾಗ ತಮ್ಮ ಮೂಲ ರೂಪವನ್ನೇ ಬಿಟ್ಟುಬಿಡುತ್ತವೆ. ಬೆಂಗಳೂರಿನ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕನ್ನಡ ಮಕ್ಕಳ ಅಕ್ಷರಕಲಿಕೆ ಒಂದನೇ ತರಗತಿಯಲ್ಲಿ ಮುಗಿಯುವಂಥದಲ್ಲ, ನಾಲ್ಕನೇ ತರಗತಿಯಲ್ಲೂ ಕ್ಲಿಷ್ಟ ಅಕ್ಷರಗಳು ಕೈಕೊಡುತ್ತವೆ ಎಂಬುದು ಕಂಡಿತ್ತು. ಆದರೆ ನಮ್ಮ ಪಠ್ಯಪುಸ್ತಕಗಳು ಅಷ್ಟು ದಿನ ಕಾಯುವುದಿಲ್ಲ. ‘ಕ ತಲಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ’ ಎಂದು ಮಕ್ಕಳು ಸಾಲಾಗಿ ಒದರುವುದು ಕಿವಿಗೆ ಇಂಪು. ಸಾಲಿನ ಮಧ್ಯದಿಂದ ಒಂದೇ ಒಂದು ‘ಕೀ’ ತೋರಿಸಿ ನೋಡಿ, ಅರ್ಧ ತರಗತಿ ‘ಕ’ದಿಂದ ಮತ್ತೆ ಹಾಡಿಕೊಂಡು ಬರುತ್ತದೆ.

‘ಸೂರ್ಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಬಾಯಲ್ಲಿ ‘ರ’ ಮೊದಲು ಬರುತ್ತದೆ, ‘ಯ’ ಆಮೇಲೆ. ಬರಹದಲ್ಲಿ ‘ಯ’ ಮೊದಲು, ಅರ್ಕಾವೊತ್ತು ಆಮೇಲೆ. ಒಬ್ಬ ಹುಡುಗ ಇದನ್ನು ‘ಸೂಯರ’ ಎಂದು ಓದಿದ. ಕ್ಲಾಸೆಲ್ಲ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಅವನು ಓದಿದ್ದು ಸರಿ; ಎಡದಿಂದ ಬಲಕ್ಕೆ ಓದಬೇಕೆಂದು ನಾನೇ ಹೇಳಿಕೊಟ್ಟಿದ್ದೆ, ಅವನು ಪಾಲಿಸಿದ. ತಟ್ಟನೆ ‘ಸೂರ್ಯ’ ಅಂದವರು ಅಕ್ಷರ ನೋಡಿರಲಿಲ್ಲ, ಪಕ್ಕದ ಚಿತ್ರ ನೋಡಿದ್ದರು.

ಮನೆಮಾತಿನ ಕಥೆ ಇನ್ನೊಂದು. ನಮ್ಮ ಕಡೆ ಹಾಲು ಆಲಾಗುತ್ತದೆ, ಹಣೆ ಅಣೆಯಾಗುತ್ತದೆ. ‘ಹಾಲು’ ಎಂಬುದನ್ನು ನೋಡಿ ‘ಆಲು’ ಅಂದ ಮಗುವಿಗೆ ಓದು ಬಂದಿದೆ. ಬಾರದಿರುವುದು ಪುಸ್ತಕದ ಉಚ್ಚಾರ. ಇವೆರಡು ಬೇರೆ ಬೇರೆ ಎಂಬುದು ತಿಳಿಯದೆ ಕೆಂಪು ಶಾಯಿ ಖರ್ಚು ಮಾಡಿದವರನ್ನು ಕಂಡಿದ್ದೇನೆ. ಹಾಡಿಯಿಂದ ಬರುವ ಜೇನುಕುರುಬರ ಮಕ್ಕಳಿಗಂತೂ ಪುಸ್ತಕದ ಕನ್ನಡ ಪಕ್ಕದೂರಿನ ಭಾಷೆ. ಇನ್ನು, ಎರಡು ವರ್ಷ ದಡ್ಡಿ ಅನ್ನಿಸಿಕೊಂಡ ಹುಡುಗಿಯೊಬ್ಬಳು ಕಣ್ಣಿನ ಶಿಬಿರ ಬಂದ ಮೇಲೆ ಕನ್ನಡಕ ಹಾಕಿಕೊಂಡು ಹಲಗೆ ಓದತೊಡಗಿದಳು. ಅವಳ ಪೂರ್ವಜನ್ಮದ ಕರ್ಮ ಮೈನಸ್ ಎರಡೂವರೆ ಇತ್ತು.

ಇಷ್ಟೆಲ್ಲ ಕಾರಣ ಕಳೆದರೂ ಉಳಿಯುವ ಮಕ್ಕಳಿದ್ದಾರೆ. ಅವರಿಂದಲೇ ನನಗೆ ಧರ್ಮಸಂಕಟ ಶುರುವಾದದ್ದು.

ಒಬ್ಬ ಹುಡುಗನ ಅಜ್ಜ ಮಾದೇಶ್ವರನ ದೇವರಗುಡ್ಡ, ಕಂಸಾಳೆ ಹಿಡಿದು ಹಾಡುವವನು. ಮೊಮ್ಮಗನಿಗೆ ಅಜ್ಜನ ಹಾಡು ರಾತ್ರಿಗಟ್ಟಲೆ ಬರುತ್ತಿತ್ತು. ಎರಡನೇ ತರಗತಿಯಲ್ಲಿ ಅವನು ಪಾಠವನ್ನು ಗಡಗಡ ‘ಓದಿ’ದಾಗ ಇನ್‌ಸ್ಪೆಕ್ಟರು ಬೆನ್ನು ತಟ್ಟಿ ಹೋದರು. ಅವನ ಕಣ್ಣು ಕಿಟಕಿಯಾಚೆ ಇತ್ತು. ಪುಟದ ನಡುವಿನ ಒಂದು ಪದದ ಕೆಳಗೆ ಬೆರಳಿಟ್ಟು ಇದೇನು ಅಂದೆ. ಮೊದಲಿಂದ ಹೇಳಿಕೊಂಡು ಬಂದು ಆ ಪದದ ಹತ್ತಿರ ನಿಲ್ಲಲು ನೋಡಿದ, ಆಗಲಿಲ್ಲ. ಇಡೀ ಪುಸ್ತಕ ಕಿವಿಯಿಂದ ಒಳಗೆ ಹೋಗಿತ್ತು, ಒಂದಕ್ಷರವೂ ಕಣ್ಣಿನಿಂದ ಹೋಗಿರಲಿಲ್ಲ.

ಇವನನ್ನು ದಡ್ಡ ಅನ್ನುವ ಧೈರ್ಯ ಯಾರಿಗಿದೆ? ವೇದ ಉಳಿದದ್ದೇ ಇಂಥ ಕಿವಿಗಳಲ್ಲಿ. ಪಾಣಿನೀಯ ಶಿಕ್ಷೆಯಲ್ಲಿ ಅಧಮ ಪಾಠಕರ ಆರು ಬಗೆ ಹೇಳಿದೆ: ರಾಗವಾಗಿ ಎಳೆಯುವವನು, ಅವಸರದವನು, ತಲೆ ಆಡಿಸುವವನು, ಅರ್ಥ ತಿಳಿಯದವನು, ದನಿ ಇಲ್ಲದವನು. ಇವರ ಸಾಲಿನಲ್ಲೇ ಬರೆದದ್ದನ್ನು ನೋಡಿ ಓದುವವನೂ ಇದ್ದಾನೆ. (ನಮ್ಮ ಒಂದನೇ ತರಗತಿಯಲ್ಲಿ ಮೊದಲ ಐದು ಬಗೆಯವರು ಒಂದೇ ಜಮಖಾನೆಯ ಮೇಲೆ ಕೂತಿರುತ್ತಾರೆ. ಆರನೆಯವನನ್ನು ತಯಾರು ಮಾಡಲು ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು.) ಆ ಶಿಕ್ಷೆಯ ಲೆಕ್ಕದಲ್ಲಿ ಕಂಸಾಳೆಯವನ ಮೊಮ್ಮಗ ನನ್ನ ಜಾಣ ಮಕ್ಕಳಿಗಿಂತ ಮೇಲು.

ಇಲ್ಲಿಂದ ಒಂದು ಜಾರುಬಂಡೆ ಇದೆ. ಅಕ್ಷರವೇ ಜ್ಞಾನವಲ್ಲ, ಓದಿದವರೆಲ್ಲ ಏನು ಸಾಧಿಸಿದ್ದಾರೆ, ಅವನು ಹಾಡಿಕೊಂಡಿರಲಿ ಬಿಡಿ ಎನ್ನುವ ಮಾತು. ಕೇಳಲು ಬಹಳ ಆಧ್ಯಾತ್ಮಿಕವಾಗಿದೆ. ಇದನ್ನು ನಾನು ಕೇಳಿದ್ದೆಲ್ಲ ಓದುಬರಹ ಬಲ್ಲವರ ಬಾಯಿಂದ. ಅವರ ಮಕ್ಕಳು ಕಾನ್ವೆಂಟಿನಲ್ಲಿದ್ದರು. ಆ ಹುಡುಗನ ಅಜ್ಜ ಒಮ್ಮೆಯೂ ಹಾಗನ್ನಲಿಲ್ಲ. ಸೊಸೈಟಿ ಸಾಲದ ಪತ್ರಕ್ಕೆ ಹೆಬ್ಬೆಟ್ಟು ಒತ್ತಿ ಅದರಲ್ಲೇನಿತ್ತೆಂದು ಆಮೇಲೆ ತಿಳಿದುಕೊಂಡವನು ಅವನು. “ನನ್ ಪದ ಇವನ್ಗೆ ಬತ್ತದೆ ಕನವ್ವ, ಅದ್ಕೆ ನಾನಿವ್ನಿ. ನೀವು ನಿಮ್ದು ಕೊಡಿ” ಅಂದ. ಕೆಲಸದ ಪಾಲು ಇಷ್ಟು ಚೆನ್ನಾಗಿ ಹಂಚಿದ್ದನ್ನು ನಾನು ಯಾವ ತರಬೇತಿಯಲ್ಲೂ ಕೇಳಿಲ್ಲ.

ಆ ಹುಡುಗನಿಗೆ ಪಠ್ಯಪುಸ್ತಕ ಮುಚ್ಚಿಸಿದೆ. ಅವನು ಹೇಳಿದ ಮಾತನ್ನೇ ದಪ್ಪಕ್ಷರದಲ್ಲಿ ಬರೆದೆ, ಒಂದು ಸಲಕ್ಕೆ ಒಂದೇ ವಾಕ್ಯ. ಪದ ಪದವಾಗಿ ಕತ್ತರಿಸಿ ಕಲಸಿ ಕೊಟ್ಟೆ, ಅವನು ಜೋಡಿಸಬೇಕು. ತನ್ನದೇ ಮಾತಾದ್ದರಿಂದ ಅರ್ಥ ಹುಡುಕಬೇಕಾಗಿರಲಿಲ್ಲ. ಕಲಸಿದ್ದರಿಂದ ಹಾಡಿಕೊಂಡು ಬರಲಾಗುತ್ತಿರಲಿಲ್ಲ. ಕಣ್ಣು ಕಾಗದಕ್ಕೆ ಬರಲೇಬೇಕಾಯಿತು. ದಿನಕ್ಕೆ ಹತ್ತು ಹದಿನೈದು ನಿಮಿಷ. ಅವನು ಮೂರನೇ ತರಗತಿ ಮುಗಿಸುವ ಹೊತ್ತಿಗೆ ನಿಧಾನವಾಗಿ, ಬೆರಳಿಟ್ಟುಕೊಂಡು, ಹೊಸ ಪುಟ ಓದುತ್ತಿದ್ದ. ಜಾಣನೇನೂ ಆಗಲಿಲ್ಲ. ಆಗಬೇಕೆಂದು ನಾನು ಕೇಳಿರಲೂ ಇಲ್ಲ.

ಕರ್ಮದ ವಿಷಯ ಎತ್ತುವವರಿಗೆ ನಾನು ಚುಲ್ಲಪಂಥಕನ ಕಥೆ ಹೇಳುತ್ತೇನೆ. ಬೌದ್ಧರ ಜಾತಕದಲ್ಲೂ ಧಮ್ಮಪದದ ಅಟ್ಠಕಥೆಯಲ್ಲೂ ಬರುತ್ತದೆ. ನಾಲ್ಕು ತಿಂಗಳಾದರೂ ಅವನಿಗೆ ಒಂದು ಗಾಥೆ ಬಾಯಿಗೆ ಬರಲಿಲ್ಲ. ಸ್ವಂತ ಅಣ್ಣ ಮಹಾಪಂಥಕನೇ ವಿಹಾರ ಬಿಟ್ಟು ಹೋಗೆಂದ. ಹೊರಟವನನ್ನು ಬುದ್ಧ ಬಾಗಿಲಲ್ಲೇ ತಡೆದು ಒಂದು ಶುಭ್ರವಾದ ಬಟ್ಟೆಯ ತುಂಡು ಕೊಟ್ಟ: ಇದನ್ನು ಉಜ್ಜುತ್ತ ಕೂರು, ಕೊಳೆ ಹೋಗಲಿ ಅಂತ ಹೇಳಿಕೋ. ಉಜ್ಜುತ್ತ ಉಜ್ಜುತ್ತ ಬಿಳಿ ಬಟ್ಟೆ ಮಾಸಿತು. ಎಲ್ಲವೂ ಅನಿತ್ಯ ಎಂಬುದು ಅವನಿಗೆ ಕೈಯಲ್ಲೇ ಗೊತ್ತಾಯಿತು, ಅರ್ಹಂತನಾದ. ಗಿರಿಯ ಕಥೆಗಿಂತ ಇದು ನನಗೆ ಇನ್ನೂ ಹತ್ತಿರ. ಇಲ್ಲಿ ಗುರು ಶಿಷ್ಯನನ್ನು ಬದಲಾಯಿಸಲಿಲ್ಲ, ಪಾಠ ಬದಲಾಯಿಸಿದ.

ಇವನು ಹೀಗೇಕೆ ಮಂದನಾದ ಎಂಬುದಕ್ಕೂ ಆ ಕಥೆಯಲ್ಲಿ ಉತ್ತರವಿದೆ. ಹಿಂದಿನೊಂದು ಜನ್ಮದಲ್ಲಿ, ಕಸ್ಸಪ ಬುದ್ಧನ ಕಾಲದಲ್ಲಿ, ಚುಲ್ಲಪಂಥಕ ದೊಡ್ಡ ಪಂಡಿತನಾದ ಭಿಕ್ಷು. ಪಾಠ ಬಾರದ ಇನ್ನೊಬ್ಬ ಭಿಕ್ಷುವನ್ನು ನೋಡಿ ನಕ್ಕ. ಆ ಬಡಪಾಯಿ ನಾಚಿ ಕಲಿಯುವುದನ್ನೇ ಬಿಟ್ಟ. ಅದರ ಫಲ ಇದು. ಕರ್ಮಸಿದ್ಧಾಂತವನ್ನು ಅಕ್ಷರಶಃ ನಂಬುವವರು ಈ ಭಾಗವನ್ನು ನಿಧಾನವಾಗಿ ಓದಬೇಕು. ಪಾಪದ ಲೆಕ್ಕ ಬಿದ್ದದ್ದು ಓದು ಬಾರದವನಿಗಲ್ಲ, ನಕ್ಕವನಿಗೆ. ‘ಸೂಯರ’ ಕೇಳಿ ನಕ್ಕವರಿಗೆ, ನಗಲು ಬಿಟ್ಟವರಿಗೆ ಮುಂದೆ ಏನು ಕಾದಿದೆಯೋ! ನನಗೆ ಮುಂದಿನ ಜನ್ಮದ ಖಾತರಿ ಇಲ್ಲ. ಈ ಜನ್ಮದಲ್ಲಿ ನಾಚಿಕೆ ಏನು ಮಾಡುತ್ತದೆಂಬುದು ಮಾತ್ರ ಚೆನ್ನಾಗಿ ಗೊತ್ತು. ನಾಚಿಕೆಯಾದ ಮಗು ತಪ್ಪು ಓದುವುದನ್ನು ಬಿಡುತ್ತದೆ, ಅಂದರೆ ಓದುವುದನ್ನೇ ಬಿಡುತ್ತದೆ.

ಇನ್ನು ಪದ್ಮಪಾದ. ಒಬ್ಬನಿಗಾಗಿ ಉಳಿದವರನ್ನು ಕೂರಿಸುವುದು ನ್ಯಾಯವೇ? ಬೇಗ ಕಲಿಯುವ ಮಗುವಿಗೂ ಇರುವುದು ಒಂದೇ ಬಾಲ್ಯ. ಈ ಪ್ರಶ್ನೆಗೆ ನಮ್ಮ ತಾಲ್ಲೂಕಿನಲ್ಲೇ ಒಂದು ಉತ್ತರ ಹುಟ್ಟಿತು. ಆಂಧ್ರದ ರಿಷಿವ್ಯಾಲಿಯ ಶಾಲೆಗಳಿಗೆ ಹೋಗಿ ನೋಡಿಕೊಂಡು ಬಂದ ಶಿಕ್ಷಕರು 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ವಿಧಾನ ಶುರು ಮಾಡಿದರು; 2009ರ ಹೊತ್ತಿಗೆ ಅದು ರಾಜ್ಯದ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಗಳಿಗೆಲ್ಲ ಬಂತು. ಎಲ್ಲರಿಗೂ ಒಂದೇ ಪಾಠ ಎಂಬುದನ್ನೇ ತೆಗೆದುಹಾಕಿ, ಮಕ್ಕಳನ್ನು ಐದು ತಟ್ಟೆಗಳಲ್ಲಿ ಕೂರಿಸಿದರು. ಪೂರ್ತಿ ಶಿಕ್ಷಕರ ಸಹಾಯ ಬೇಕಾದವರದು ಒಂದು ತಟ್ಟೆ, ಗೆಳೆಯರ ಸಹಾಯ ಸಾಕಾದವರದು ಇನ್ನೊಂದು, ತಾವೇ ಕಲಿಯುವವರದು ಕೊನೆಯದು. ಅಕ್ಷರದ ಕ್ರಮವನ್ನೂ ಮುರಿದು ರ, ಗ, ಸ, ದ, ಅ ಎಂದು ಶುರು ಮಾಡಿದರು. ಐದೇ ಅಕ್ಷರಕ್ಕೆ ಅರಸ, ಅಗಸ, ಸರ ಓದಬಹುದು. ಊರ ಹಿರಿಯರು ಬಂದು, ಅಆಇಈ ಬಿಟ್ಟು ಇದೇನು ಅಪಚಾರ ಎಂದು ಜಗಳ ಮಾಡಿದರು. ವಿಧಾನ ಸರಿಯಾಗಿಯೇ ಇತ್ತು ಎಂದು ಇವತ್ತಿಗೂ ಹೇಳುತ್ತೇನೆ. ಕೊರತೆ ಬಿದ್ದದ್ದು ಆಳುಗಳದು. ಮೂರು ತರಗತಿ ಒಂದೇ ಕೋಣೆಯಲ್ಲಿ, ಒಬ್ಬಳೇ ಟೀಚರು, ಮೇಲೆ ಜನಗಣತಿ, ಚುನಾವಣೆ. ಎಷ್ಟೋ ಕಡೆ ಮೊದಲನೇ ತಟ್ಟೆ ಹಿಂದುಳಿದವರ ಕಾಯಂ ವಿಳಾಸವಾಯಿತು.

ಆದ್ದರಿಂದ ಪದ್ಮಪಾದನಿಗೆ ವ್ಯವಸ್ಥೆಯ ಉತ್ತರ ಅರ್ಧ ಮಾತ್ರ. ಉಳಿದರ್ಧ ನನಗೆ ಸಿಕ್ಕಿದ್ದು ಊಟದ ಪಂಕ್ತಿಯಲ್ಲಿ. ಪಂಕ್ತಿಯಲ್ಲಿ ಬೇಗ ಉಂಡವನು ಎದ್ದು ಹೋಗುವಂತಿಲ್ಲ. ಕೊನೆಯ ಮುದುಕರ ಮಜ್ಜಿಗೆ ಅನ್ನ ಮುಗಿಯಬೇಕು. ಎದ್ದರೆ ಉಳಿದವರ ಊಟ ಕೆಟ್ಟಿತು ಎಂದು ಅರ್ಥ. ಕಾದು ಕೂತವನಿಗೆ ಇದರಿಂದ ನಷ್ಟವಿಲ್ಲವೇ? ಇದೆ, ಕೈ ಒಣಗುತ್ತದೆ. ಆದರೆ ಅವನ ನಷ್ಟವೂ ಅರೆಹೊಟ್ಟೆಯಲ್ಲಿ ಏಳುವವನ ನಷ್ಟವೂ ಒಂದೇ ಅಳತೆಯವಲ್ಲ. ಬೇಗ ಓದುವ ಹುಡುಗಿಗೆ ಹೋದದ್ದು ಅರ್ಧ ಗಂಟೆ, ಅದನ್ನು ಅವಳು ಕಥೆಪುಸ್ತಕದಲ್ಲಿ ತುಂಬಿಕೊಳ್ಳುತ್ತಾಳೆ. ಓದು ಬಾರದೆ ಉಳಿದ ಹುಡುಗನಿಗೆ ಹೋಗುವುದು ಮುಂದೆ ಬರುವ ಪ್ರತಿಯೊಂದು ಪುಟ. ಪಂಕ್ತಿಯನ್ನು ನಾನು ಸುಮ್ಮನೆ ಹೊಗಳಲಾರೆ. ಅಲ್ಲೇ ಪಂಕ್ತಿಭೇದವೂ ಹುಟ್ಟಿದ್ದು, ಯಾರನ್ನು ಎಲ್ಲಿ ಕೂರಿಸಬೇಕೆಂಬ ಕ್ರೌರ್ಯವೂ. ಶಾಲೆಯ ಹಿಂದಿನ ಸಾಲನ್ನು ನೋಡಿದಾಗಲೆಲ್ಲ ಅದೂ ನೆನಪಾಗುತ್ತದೆ, ಏಕೆಂದರೆ ಅಲ್ಲಿ ಯಾವ ಕೇರಿಯ ಮಕ್ಕಳು ಹೆಚ್ಚಾಗಿ ಕೂತಿರುತ್ತಾರೆಂದು ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತು. ಹಣೆಬರಹ ಕೇರಿ ನೋಡಿಕೊಂಡು ಹಂಚಿಕೆಯಾಗುತ್ತದೆ ಎಂದರೆ ಅದನ್ನು ಬರೆಯುತ್ತಿರುವವನು ಬ್ರಹ್ಮನಲ್ಲ.

‘ವಿದ್ಯಾದಾನ’ದ ಭಾಷಣವೂ ನನಗೆ ಸೇರುವುದಿಲ್ಲ. ದಾನದಲ್ಲಿ ಪುಣ್ಯ ಕೊಟ್ಟವನಿಗೆ. ಮಗು ಬರೀ ಪಾತ್ರೆ. ಮನುಷ್ಯ ಹುಟ್ಟುವಾಗಲೇ ಋಷಿಋಣ ಹೊತ್ತು ಬರುತ್ತಾನೆ, ಕಲಿತು ಕಲಿಸಿ ತೀರಿಸಬೇಕು ಎಂಬ ಹಳೆಯ ಮಾತು ಇದಕ್ಕಿಂತ ನೇರ. ಸಾಲ ತೀರಿಸುವವನು ಅದನ್ನು ಪಡೆಯುವವನ ಬುದ್ಧಿವಂತಿಕೆ ಅಳೆಯಲು ಕೂರುವುದಿಲ್ಲ.

ಹೊಸ ಕಾಲದಲ್ಲಿ ಇನ್ನೊಂದು ಬಗೆಯ ಬರಹ ಬಂದಿದೆ, ಡಾಕ್ಟರ ಚೀಟಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಯೂ ಇದೆ. ಡಿಸ್ಲೆಕ್ಸಿಯಾ ಅಂದರೆ ಪೇಟೆಯ ತಾಯಂದಿರಿಗೆ ಗೊತ್ತಾಗುತ್ತದೆ. ಮಿದುಳು ಅಕ್ಷರವನ್ನು ಬೇರೆ ರೀತಿ ಹಿಡಿಯುತ್ತದೆ, ಸೋಮಾರಿತನವಲ್ಲ ಎಂದು ಡಾಕ್ಟರು ಹೇಳಿದಾಗ ಒಬ್ಬ ತಾಯಿ ಅತ್ತದ್ದು ನೋಡಿದ್ದೇನೆ, ಅದು ನೆಮ್ಮದಿಯ ಅಳು. ಆ ಚೀಟಿ ಬೇಕು. ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೊಡಿಸಲು ಅದಿಲ್ಲದೆ ಆಗುವುದಿಲ್ಲ. ಆದರೆ ಚೀಟಿ ಬಂದ ಮೇಲೆ, ‘ಅವನಿಗೆ ಅದಂತೆ, ಇನ್ನೇನು ಮಾಡೋದು’ ಎಂದು ಪುಸ್ತಕ ಮುಚ್ಚಿಟ್ಟವರನ್ನೂ ನೋಡಿದ್ದೇನೆ. ಬ್ರಹ್ಮನ ಬದಲು ಡಾಕ್ಟರು ಬರೆದರು, ಅಷ್ಟೇ ವ್ಯತ್ಯಾಸ.

ನಿವೃತ್ತಿಯಾದ ಮೇಲೆ ಮೈಸೂರಿನಲ್ಲಿ, ನಮ್ಮ ಬೀದಿಯ ರಾಮಮಂದಿರದ ಜಗಲಿಯಲ್ಲಿ ಸಂಜೆ ಕೆಲವು ಮಕ್ಕಳನ್ನು ಕೂರಿಸಿಕೊಳ್ಳುತ್ತೇನೆ. ಅಲ್ಲಿಯ ಶಾಸ್ತ್ರಿಗಳು ಮೊದಮೊದಲು ದೂರದಿಂದ ನೋಡುತ್ತಿದ್ದರು. ಒಂದು ದಿನ ಹತ್ತಿರ ಬಂದು, “ಪ್ರಾರಬ್ಧ ಅಂತ ಒಂದಿದೆಯಮ್ಮಾ. ನೀವು ಎಷ್ಟು ಒದ್ದಾಡಿದ್ರೂ ಅದು ಅನುಭವಿಸಿಯೇ ತೀರಬೇಕು” ಅಂದರು.

“ಯೋಗವಾಸಿಷ್ಠದಲ್ಲಿ ದೈವಕ್ಕಿಂತ ಪೌರುಷ ದೊಡ್ಡದು ಅಂತ ನೀವೇ ಪ್ರವಚನದಲ್ಲಿ ಹೇಳಿದ್ದಿರಲ್ಲ ಶಾಸ್ತ್ರಿಗಳೇ?”

“ಹೌದು. ಆದರೆ ಅದು ಅವರವರ ಪ್ರಯತ್ನದ ಮಾತು.”

“ಆರು ವರ್ಷದ ಹುಡುಗ ಎಲ್ಲಿಂದ ತರಬೇಕು ಅದನ್ನ? ಕಣ್ಣು ಪರೀಕ್ಷೆಗೆ ಅವನೇ ಹೋಗ್ತಾನಾ? ಪಾಠ ಬದಲಾಯಿಸಿ ಅಂತ ಅವನೇ ಹೇಳ್ತಾನಾ? ಈ ವಯಸ್ಸಿನಲ್ಲಿ ಅವನ ಪೌರುಷ ಅಂದ್ರೆ ನಾವೇ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ನಾವು ಅವನಿಗೆ ಸಿಗುವುದೂ ಅವನ ಕರ್ಮವೇ ಅಲ್ಲವೇ ಅಂದರು. ತರ್ಕದಲ್ಲಿ ಅವರನ್ನು ಗೆಲ್ಲುವುದು ನನ್ನಿಂದಾಗದು. ಹಾಗಾದರೆ ನಮಗೆ ಅವನು ಸಿಕ್ಕಿದ್ದು ನಮ್ಮ ಕರ್ಮ, ಬುಧವಾರ ಐದು ಗಂಟೆಗೆ ಬನ್ನಿ ಅಂದೆ.

ಬರುತ್ತಿದ್ದಾರೆ. ಒತ್ತಕ್ಷರ ಅವರ ಪಾಲು. ಉಚ್ಚಾರ ಸ್ವಚ್ಛ, ಮಕ್ಕಳಿಗೆ ಅವರ ದನಿ ಇಷ್ಟ. ಅವಸರ ಮಾತ್ರ ಜಾಸ್ತಿ. ಮಗು ತಡವರಿಸಿದ ಕೂಡಲೇ ಪದವನ್ನು ತಾವೇ ಹೇಳಿಬಿಡುತ್ತಾರೆ. ಮನಸ್ಸಿನಲ್ಲಿ ಐದು ಎಣಿಸುವವರೆಗೆ ಬಾಯಿ ಬಿಡಬೇಡಿ ಎಂದು ಹೇಳಿಕೊಟ್ಟಿದ್ದೇನೆ. ಸದ್ಯಕ್ಕೆ ಮೂರರವರೆಗೆ ಬಂದಿದ್ದಾರೆ.